ಬಾಯಿಗೆ ಬಂದ ಹೆಸರು

ನಿಪ್ಪಾಣಿಯ ನಮ್ಮ ಓಣಿಯ ಟೇಲರ್ ಅಜ್ಜ ಅಳತೆ ತೆಗೆಯುವ ಮೊದಲು, "ಹೆಸರೇನ್ರಿ? ಯಾವೂರು?" ಎಂದು ಕೇಳಿ, ಉತ್ತರ ಬರುವವರೆಗೆ ಟೇಪನ್ನು ಮುಷ್ಟಿಯಲ್ಲಿ ಬಿಗಿಹಿಡಿದಿರುತ್ತಿದ್ದ.

ಕಾರಣವನ್ನು ನನಗೊಬ್ಬನಿಗೆ ಹೇಳಿದ್ದ. ಬ್ರಿಟಿಷರ ಕಾಲದಲ್ಲಿ ಅವನೊಂದು ಗುಪ್ತ ಸಂಘದಲ್ಲಿದ್ದ. ಪೊಲೀಸರು ತಲೆಕೆಳಗಾಗಿ ನೇತುಹಾಕಿ, ಜೊತೆಗಾರರ ಹೆಸರು ಹೇಳೆಂದು ಹೊಡೆದಾಗ, "ಅಲಖನೂರ ಭೀಮಪ್ಪ" ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದ. ಸಂಘದಲ್ಲಿ ಅಂಥವನೇ ಇರಲಿಲ್ಲ.

"ಆದ್ರ ಆ ಊರಾಗ ಖರೇನ ಒಬ್ಬಾವ ಇದ್ದಿದ್ರ? ನನ್ನ ಸುಳ್ಳಿಗೆ ಅವ ಏಟು ತಿಂದಿರ್ತಾನಲ್ಲೋ" ಎನ್ನುತ್ತಿದ್ದ. ಹೋಗಿ ವಿಚಾರಿಸುವ ಧೈರ್ಯ ಮಾತ್ರ ಅವನಿಗೆ ಎಂದೂ ಬರಲಿಲ್ಲ.

ಒಂದು ಮಧ್ಯಾಹ್ನ ನನ್ನೆದುರಿಗೇ ಗಿರಾಕಿಯೊಬ್ಬ ಅಲಖನೂರಿನವನೆಂದ.

"ಭೀಮಪ್ಪ ಅನ್ನಾವ್ರು ಅದಾರೇನ್ರಿ ಅಲ್ಲಿ?" ಅಜ್ಜ ಟೇಪನ್ನು ಇನ್ನಷ್ಟು ಬಿಗಿಹಿಡಿದು ಕೇಳಿದ.

"ನಮ್ಮಪ್ಪನ ಹೆಸರ ಅದು ರೀ."

"ಬ್ರಿಟಿಷರ ಕಾಲಕ್ಕ ಪೊಲೀಸ್ರು ಬಂದಿದ್ರೇನು?"

"ಬಂದಿದ್ರಂತ್ರಿ. ಆಗ ಊರಾಗ ಭೀಮಪ್ಪ ಅಂದ್ರ ನಮ್ಮಪ್ಪ ಒಬ್ಬನ. ಇನ್ನೂ ತೊಟ್ಟಿಲದಾಗಿದ್ದ. ನೋಡಿ ಹಂಗ ಹೊಳ್ಳಿ ಹೋದ್ರಂತ."

ಅಜ್ಜನ ಮುಷ್ಟಿ ಸಡಿಲವಾಗಿ ಟೇಪು ಕೆಳಗೆ ಬಿತ್ತು. ನಗುತ್ತ ನಗುತ್ತ ಕಣ್ಣೊರೆಸಿಕೊಂಡ.

ಅಂದಿನಿಂದ ಅಜ್ಜ ಯಾರ ಹೆಸರನ್ನೂ ಕೇಳಲಿಲ್ಲ, ಬರೆದುಕೊಳ್ಳಲೂ ಇಲ್ಲ. ಹೊಲಿದಿಟ್ಟ ಅಂಗಿಗಳ ರಾಶಿಯಲ್ಲಿ ನಮ್ಮ ನಮ್ಮ ಅಂಗಿಯನ್ನು ನಾವೇ ಹುಡುಕಿಕೊಳ್ಳಬೇಕಾಯಿತು.