ಹಯಾತ್ ಸಾಬರ ಪಾಚಿಗೆ ಬಣ್ಣ ಹಚ್ಚಿದವನು

ಹಯಾತ್ ಸಾಬರ ಪಾಚಿಯ ಚಿತ್ರಕ್ಕೆ ಹಸಿರು ಬಣ್ಣ ಹಚ್ಚಿದವನು ನಾನು. ಹಚ್ಚಿದ್ದು ಒಂದು ತಪ್ಪು. ಮುಟ್ಟೇ ಇಲ್ಲವೆಂದು ದೇವರಾಣೆ ಇಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಹನ್ನೊಂದು ವರ್ಷ ಈ ಮಾತು ನನ್ನ ಗಂಟಲು ದಾಟಿರಲಿಲ್ಲ. ಈಗ ದಾಟಿದೆ — ಉಸಿರು ಎಷ್ಟು ಸಲೀಸಾಗಿದೆಯೆಂದರೆ ಅದಕ್ಕೇ ನಾಚಿಕೆಯಾಗುತ್ತದೆ.

ನಾನು ಶಿವಮೊಗ್ಗದಲ್ಲಿ ನಾಟಕದ ಪರದೆ ಬರೆಯುವ ರಂಗಪ್ಪ. ಪುಡಿಬಣ್ಣವನ್ನು ಅಂಟಿನಲ್ಲಿ ಕಲಸಿ ಕಾಡು, ಅರಮನೆ, ಬೀದಿ ಬರೆಯುತ್ತೇನೆ. ಕೊನೆಯ ಬೆಂಚಿನವನಿಗೂ ಕಾಡು ಹಸಿರಾಗಿ ಕಾಣಬೇಕು. ನನ್ನ ವಿದ್ಯೆಯೆಲ್ಲ ಅಷ್ಟೇ. ಹಯಾತ್ ಸಾಬರು ಭದ್ರಾವತಿಯ ಕಾರ್ಖಾನೆಯಲ್ಲಿ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುತ್ತಿದ್ದವರು. ಒಂದು ನಾಟಕಕ್ಕೆ ಸಿಂಹಾಸನ ಮಾಡಿಸಲು ಹೋಗಿ ಪರಿಚಯವಾಯಿತು, ಸ್ನೇಹವಾಯಿತು. ರಜೆಯ ದಿನ ಅವರು ಹಲಸಿನ ಹಲಗೆಯನ್ನು ತಟ್ಟೆಯಂತೆ ಕೊರೆದು, ಅದರೊಳಗೆ ತೊಗಟೆಯಿಂದ ಗುಡ್ಡ, ಕಡ್ಡಿಯಿಂದ ಸೇತುವೆ, ಹೊಳೆಯ ಸಣ್ಣ ಕಲ್ಲಿನಿಂದ ದಂಡೆ ಕೂಡಿಸುತ್ತಿದ್ದರು. ಕಾಡಿನ ಜಾಗಕ್ಕೆ ನಿಜವಾದ ಪಾಚಿ. ಬಣ್ಣ ಒಂದು ಹನಿಯೂ ಇಲ್ಲ. ಅದೇ ಅವರ ಹೆಮ್ಮೆ.

"ರಂಗಣ್ಣಾ, ಮಳೆ ಬಂದ್ರೆ ನಿಮ್ಮ ಕಾಡು ಕರಗುತ್ತೆ, ನಂದು ಬೆಳೆಯುತ್ತೆ" ಎಂದು ರೇಗಿಸುತ್ತಿದ್ದರು.

ಆ ವರ್ಷ ಮಳೆಗಾಲದಲ್ಲಿ ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಕೈಕೆಲಸದ ಪ್ರದರ್ಶನ. ಬಾಗಿಲ ಕಮಾನು, ಫಲಕ ಎಲ್ಲ ಬರೆಯುವವನು ನಾನು. ಹಯಾತ್ ಸಾಬರು ಮುನ್ನಾದಿನವೇ ರೈಲಿನಲ್ಲಿ ಚಿತ್ರ ತಂದು, ಮೇಜಿನ ಮೇಲಿಟ್ಟು ಬಟ್ಟೆ ಹೊದಿಸಿದರು. "ನೀವು ಇಲ್ಲೇ ಇರ್ತೀರಲ್ಲ, ಒಂದು ಕಣ್ಣಿಟ್ಟಿರಿ. ಮುಟ್ಟೋದು ಮಾತ್ರ ಬೇಡ ಮಾರಾಯ್ರೇ" ಎಂದು ಹೇಳಿ, ಪಾಳಿಗೆ ಹೊತ್ತಾಯಿತೆಂದು ಹೊರಟರು.

ಮಧ್ಯಾಹ್ನ ಕುತೂಹಲ ತಡೆಯಲಾಗದೆ ಬಟ್ಟೆ ಎತ್ತಿದೆ. ಕಾಡಿಗೆ ಕಾಡೇ ಕಂದು. ಪಾಚಿ ತೆಂಗಿನ ನಾರಿನಂತೆ ಮುದುಡಿತ್ತು. ಅವರ ಮನೆಯಲ್ಲಿ ಎಂದೂ ಹಸಿರಾಗಿಯೇ ಕಂಡದ್ದು ನನ್ನ ಕಾವಲಿನಲ್ಲಿ ಸತ್ತುಹೋಯಿತೆಂದುಕೊಂಡೆ. ಕೈಯಲ್ಲಿ ಕುಂಚವಿತ್ತು, ಪಕ್ಕದಲ್ಲಿ ಹಸಿರು ಬಣ್ಣದ ಡಬ್ಬ... ಸ್ನೇಹಿತನ ಮಾನ ಉಳಿಸುತ್ತಿದ್ದೇನೆಂದು ನಂಬಿದ್ದೆ. ಜೊತೆಗೆ ಒಂದಿಷ್ಟು ಜಂಬವೂ ಇತ್ತು — ಕೊನೆಗೂ ನನ್ನ ಬಣ್ಣವೇ ಬೇಕಾಯಿತಲ್ಲ ಎಂದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಆಗ ನನಗೆ ಗೊತ್ತಿರಲಿಲ್ಲ, ಒಣಗಿದ ಪಾಚಿ ಸತ್ತಿರುವುದಿಲ್ಲ. ನೀರು ಚಿಮುಕಿಸಿದರೆ ಕಣ್ಣೆದುರೇ ಹಸಿರಾಗುತ್ತದೆ. ಮರ ಉಬ್ಬಬಾರದೆಂದು ಹಯಾತ್ ಸಾಬರು ಒಣಗಿಸಿಯೇ ತಂದಿದ್ದರು. ಜನರೆದುರು ನೀರು ಹಾಕಿ ಕಾಡನ್ನು ಎಬ್ಬಿಸಬೇಕೆಂಬುದು ಅವರ ಆಸೆ. ನನಗೂ ಬೆರಗಾಗಲಿ ಎಂದು ಬಾಯಿ ಬಿಟ್ಟಿರಲಿಲ್ಲ.

ಮರುದಿನ ಅವರು ಬಂದಾಗ ತೀರ್ಪುಗಾರರು ಆ ಮೇಜಿನ ಮುಂದೆಯೇ ನಿಂತಿದ್ದರು. ಹಯಾತ್ ಸಾಬರು ಬಟ್ಟೆ ಸರಿಸಿ ಒಂದು ಕ್ಷಣ ತಡೆದರು — ಮಳೆಗಾಲದ ತೇವಕ್ಕೇ ಪಾಚಿ ಎದ್ದಿದೆ ಎಂದುಕೊಂಡರಂತೆ. "ಇದ್ರಲ್ಲಿ ಬಣ್ಣ ಇಲ್ಲ ಸ್ವಾಮಿ, ನೋಡ್ತಿರಿ" ಎಂದು ತಂಬಿಗೆಯಿಂದ ನೀರು ಚಿಮುಕಿಸಿದರು. ಹಸಿರು ನೀರು ಗುಡ್ಡ ಇಳಿದು, ಚೌಕಟ್ಟು ದಾಟಿ, ಮೇಜಿನ ಬಿಳಿ ಹಾಸಿನ ಮೇಲೆ ಹರಿಯಿತು.

"ಏನ್ ಸಾಬ್ರೇ, ಪಾಚಿಗೂ ಮೇಕಪ್ಪಾ?" ಎಂದರು ತೀರ್ಪುಗಾರರೊಬ್ಬರು. ಸುತ್ತಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲವೆಂದು ನೆನಪು... ಖಚಿತವಾಗಿ ಹೇಳಲಾರೆ.

ಹೊರಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ರಂಗಣ್ಣಾ, ನೀವೇನಾದ್ರೂ ಮುಟ್ಟಿದ್ರಾ?"

"ದೇವರಾಣೆ ಇಲ್ಲ."

ಅವರು ನಂಬಿದರು. ಆಣೆಯ ಮೇಲೆ ಇನ್ನೊಂದು ಮಾತು ಕೇಳುವ ಜಾಯಮಾನ ಅವರದಲ್ಲ.

ಮುಂದಿನ ಬೇಸಿಗೆಯಲ್ಲಿ ಒಮ್ಮೆ ರಾಗಿಗುಡ್ಡದಲ್ಲಿ ಬಂಡೆಯ ಮೇಲೆ ಕೂತು ಚಿತ್ರ ಬರೆಯುತ್ತಿದ್ದಾಗ ಕುಡಿಯುವ ನೀರು ಚೆಲ್ಲಿತು. ಬಂಡೆಗಂಟಿದ್ದ ಕಂದು ಪಾಚಿ ನೋಡನೋಡುತ್ತ ಹಸಿರಾಯಿತು. ನಾನು ಎಂಥ ಕೆಲಸ ಮಾಡಿದೆನೆಂದು ತಿಳಿದದ್ದು ಆಗ. ತಿಳಿದೂ ಸುಮ್ಮನಿದ್ದೆ. ಹಯಾತ್ ಸಾಬರು ಪಾಚಿಯ ಚಿತ್ರ ಮಾಡುವುದನ್ನೇ ಬಿಟ್ಟಿದ್ದರು. ಕಾರ್ಖಾನೆಯವರು 'ಮೇಕಪ್ ಸಾಬ್' ಎಂದು ಕರೆಯುತ್ತಿದ್ದರು. ನಾನು ಅವರ ಮನೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆ.

ಹೋದ ತಿಂಗಳು ಅಲ್ಲಿದ್ದಾಗ, ಅವರ ಹೆಂಡತಿ ಜೊಹರಾಬಿ ಗೋಡೆಗೆ ತೂಗುಹಾಕಿದ್ದ ಆ ಹಳೆಯ ಪಾಚಿಚಿತ್ರದ ಚೌಕಟ್ಟಿನ ಧೂಳು ಒರೆಸಲು ಕೈ ಚಾಚಿದರು. "ಬೇಡ, ನೀನು ಮುಟ್ಟಬೇಡ" ಎಂದರು ಹಯಾತ್ ಸಾಬರು. ಆಕೆ ಒಳಗೆ ಹೋದ ಮೇಲೆ ನನ್ನತ್ತ ತಿರುಗಿ, ತಗ್ಗಿದ ದನಿಯಲ್ಲಿ ಹೇಳಿದರು: "ಪ್ರದರ್ಶನದ ಆ ವಾರ ತಲೆಗೆ ಹೊದೆಯೋ ಓಢಣೀನ ಹಸಿರು ಬಣ್ಣದಲ್ಲಿ ಅದ್ದಿದ್ಲು. ನಾನು ಒಣಗಿಸೋ ಮುಂಚೆ ಅದೇ ತಂಬಿಗೇಲಿ ಪಾಚಿಗೆ ನೀರು ಹಾಕಿರ್ಬೇಕು. ಬಾಯಿಬಿಟ್ಟು ಬೈದಿಲ್ಲ ನಾನು. ಆದ್ರೆ ಅವತ್ತಿಂದ ಮುಟ್ಟೋಕೆ ಬಿಟ್ಟಿಲ್ಲ."

ಚಹಾದ ಲೋಟ ಕೆಳಗಿಟ್ಟೆ. ನನ್ನ ಸುಳ್ಳು ಹನ್ನೊಂದು ವರ್ಷ ಆ ಹೆಂಗಸಿನ ತಲೆಯ ಮೇಲೆ ಕೂತಿತ್ತು. ಆಕೆಯನ್ನು ಹೊರಗೆ ಕರೆಯಲು ಹೇಳಿದೆ. ಇಬ್ಬರ ಮುಂದೆಯೂ ಹೇಳಿದೆ — ಬಣ್ಣ, ಕುಂಚ, ಆಣೆ, ಎಲ್ಲ.

ಜೊಹರಾಬಿ ಸೆರಗಿನಿಂದ ಕೈ ಒರೆಸಿಕೊಂಡರು. ಆಮೇಲೆ, "ಆ ತಂಬಿಗೇನ ಎಷ್ಟ್ ಸಲ ತೊಳೆದು ನೋಡಿದೀನಿ ಅಣ್ಣಾ. ಬಣ್ಣ ಇರ್ಲಿಲ್ಲ. ಆದ್ರೂ ನಾನೇ ಇರ್ಬೇಕು ಅಂತ ನನಗೇ ಅನಿಸಿಬಿಟ್ಟಿತ್ತು" ಎಂದರು.

ಹಯಾತ್ ಸಾಬರು ನನ್ನ ಕಡೆ ನೋಡಲಿಲ್ಲ. ಗೋಡೆಯಿಂದ ಚೌಕಟ್ಟು ಇಳಿಸಿ ಹೆಂಡತಿಯ ಕೈಗೆ ಕೊಟ್ಟು, "ಮಾಫ್ ಮಾಡು" ಎಂದರು. ನಾನು ಹೊರಟು ಬಾಗಿಲಿಗೆ ಬಂದಾಗ ಹಿಂದಿನಿಂದ ದನಿ ಬಂತು: "ಭಾನುವಾರ ಬನ್ನಿ. ಬ್ರಶ್ ತರಬೇಡಿ."

ನಾಲ್ಕು ಭಾನುವಾರ ಹೋಗಿ ಬಂದೆ. ಹಯಾತ್ ಸಾಬರು ಮರ ಕೊರೆಯುತ್ತಾರೆ, ನಾನು ತೊಗಟೆ ಆರಿಸಿಕೊಡುತ್ತೇನೆ. ನೀರು ಚಿಮುಕಿಸುವವರು ಜೊಹರಾಬಿ. ಕ್ಷಮಿಸಿದೆವೆಂದು ಅವರು ಹೇಳಿಲ್ಲ, ನಾನು ಕೇಳಿಲ್ಲ. ಆದರೂ ರೈಲಿನಲ್ಲಿ ಮರಳಿ ಬರುವಾಗ ಸುಖವಾಗಿ ನಿದ್ದೆ ಹತ್ತುತ್ತದೆ.

ಈ ಸಲದ ಪ್ರದರ್ಶನಕ್ಕೆ ಅವರ ಹೊಸ ಚಿತ್ರ ಬರುತ್ತಿದೆ. ಫಲಕ ಬರೆಯುವ ಕೆಲಸ ಮತ್ತೆ ನನಗೇ ಸಿಕ್ಕಿದೆ. ಅವರ ಮೇಜಿಗೆ ಇಡುವ ಫಲಕವನ್ನು ಮೊದಲು ಬರೆದು ಮುಗಿಸಿದೆ, ಕೊನೆಯ ಬೆಂಚಿನವನಿಗೂ ಕಾಣುವಂತೆ ದಪ್ಪ ಅಕ್ಷರದಲ್ಲಿ: "ಇದರಲ್ಲಿ ಬಣ್ಣವಿಲ್ಲ. ಹಿಂದೆ ಬಣ್ಣ ಹಚ್ಚಿದವನು ಈ ಫಲಕ ಬರೆದ ರಂಗಪ್ಪ."