ಕೆಂಪು ಮುಖದ ಸೊಸೆ

ನಾನು ಕೆಂಪಾಗಿದ್ದು ಮದುವೆಯಾದ ಮೇಲೆ. ಮುಖ, ಅಂಗೈ, ಕಣ್ಣು ಎಲ್ಲ ಕೆಂಪು. ಬಿಸಿನೀರು ಹಾಕಿಕೊಂಡು ಬಂದರೆ ಮೈಯೆಲ್ಲ ತುರಿಕೆ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಮಶೀನಿನ ಮುಂದೆ ನಿಂತು ನನ್ನ ಗಂಡ ಸೊರಗುತ್ತಿದ್ದ, ನಾನು ಕೆಂಪಗಾಗುತ್ತಿದ್ದೆ. ಅತ್ತೆಗೆ ಅಷ್ಟು ಸಾಕಾಯಿತು.

"ನನ್ ಮಗನ ರಕ್ತ ಹೀರಿ ಹೆಂಗ ಕೆಂಪಗ ಆಗ್ಯಾಳ ನೋಡ್ರಿ," ಎಂದು ಹೋದಲ್ಲೆಲ್ಲ ಹೇಳಿದಳು. ವಾಡಿಯಲ್ಲಿ ತಂಗಿಯ ಮನೆ, ಸೇಡಂನಲ್ಲಿ ಮಗಳ ಮನೆ, ಚಿಂಚೋಳಿಯಲ್ಲಿ ಮಗಳ ಕಡೆಯ ಬೀಗರ ಮನೆ. ಎದುರಿಗೆ ಅವಳನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಬರೆಯುವಾಗಲಾದರೂ ಏಕವಚನ ನನ್ನದಿರಲಿ.

ಒಂದು ದಿನ ರೊಟ್ಟಿ ಬಡಿಯುವಾಗ ಬಲಗೈ ಜೋಮು ಹಿಡಿಯಿತು. ಕಲಬುರಗಿಯ ಡಾಕ್ಟರು ರಕ್ತ ನೋಡಿ, ಜೀನ್ ಪರೀಕ್ಷೆ ಮಾಡಿಸಿ, ಇದು ನಿಧಾನವಾಗಿ ನಡೆಯುವ ರಕ್ತದ ಕ್ಯಾನ್ಸರ್ ಎಂದರು. ಮೂಳೆಯ ಮಜ್ಜೆಯಲ್ಲಿ ಒಂದು ಜೀನ್ ಬದಲಾಗಿ, ಬೇಕಾದ್ದಕ್ಕಿಂತ ಹೆಚ್ಚು ರಕ್ತ ಹುಟ್ಟುತ್ತಿತ್ತಂತೆ.

ಜೀನ್ ಎಂದದ್ದೇ ತಡ, ಅತ್ತೆ ರಾಗ ಬದಲಿಸಿದಳು. "ವಂಶದ ರೋಗ. ತವರು ದಂಡೋತಿಯಿಂದ ತಂದಾಳ. ಮಕ್ಕಳು ಇಲ್ಲೇ ಇರಲಿ, ಇಕಿಗಿ ತವರಿಗಿ ಕಳಸು," ಎಂದು ಮಗನಿಗೆ ಹೇಳಿದಳು. ಅವನು ತಲೆ ತಗ್ಗಿಸಿ ಕೂತ. ಬೇಡ ಎನ್ನಲಿಲ್ಲ.

"ಹೋಗತೀನ್ರಿ ಅತ್ತಿ. ಮೊದಲ ಒಮ್ಮೆ ನನ್ ಜೋಡಿ ದವಾಖಾನಿಗಿ ಬರ್ರಿ," ಎಂದೆ.

ನನ್ನ ತೋಳಿಗೆ ಸೂಜಿ ಹಾಕಿ ಹೆಚ್ಚಿನ ರಕ್ತ ತೆಗೆಯುತ್ತಿದ್ದರು. ಮೊದಲ ಚಿಕಿತ್ಸೆ ಅದೇ. ಡಾಕ್ಟರು ಅತ್ತೆಗೆ ಹೇಳಿದರು: "ಇದು ತಂದೆ-ತಾಯಿಯಿಂದ ಬಂದದ್ದಲ್ಲಮ್ಮ, ಮಕ್ಕಳಿಗೆ ಹೋಗೋದೂ ಅಲ್ಲ. ಹುಟ್ಟಿದ ಮ್ಯಾಲ ಆಗಿದ್ದು. ಯಾರ ತಪ್ಪೂ ಅಲ್ಲ."

ಆ ಕೊನೆಯ ಮಾತು ನನಗೆ ಹಿಡಿಸಲಿಲ್ಲ. ತಪ್ಪು ಅತ್ತೆಯದಾಗಿದ್ದರೆ ಸಕ್ಕರೆ ಹಂಚುತ್ತಿದ್ದೆ.

ಮುಂದೆ ಇನ್ನೊಂದು ಜೀನ್ ಕೆಟ್ಟರೆ ಮಜ್ಜೆ ಗಟ್ಟಿಯಾಗಬಹುದು, ಸದ್ಯ ಹಾಗಿಲ್ಲ, ಔಷಧ ತಪ್ಪಿಸದಿದ್ದರೆ ಬಹಳ ವರ್ಷ ಬದುಕಬಹುದು ಎಂದೂ ಹೇಳಿದರು. ಅಷ್ಟರಲ್ಲಿ ರಕ್ತದ ಚೀಲ ತುಂಬಿತು.

"ನಿಮ್ ಮಗನ ರಕ್ತ ಅಂದಿದ್ರಲ್ಲ ಅತ್ತಿ. ಒಯ್ರಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡಿದಳು. ಯಾರಿಗೂ ಏರಿಸಲು ಬಾರದ ರಕ್ತ, ನರ್ಸ್ ಚೆಲ್ಲಲು ಒಯ್ದಳು. ನನಗೆ ಕನಿಕರ ಬರಲಿಲ್ಲ, ಹೊಟ್ಟೆ ತಣ್ಣಗಾಯಿತು.

ಹೊರಗೆ ಬಂದು ಶರತ್ತು ಹಾಕಿದೆ. "ಯಾವ್ಯಾವ ಮನ್ಯಾಗ ಹೇಳೀರಿ, ಆ ಮನಿಗೆಲ್ಲ ಹೋಗಿ ತಿರುಗಿ ಹೇಳ್ರಿ. ನಾನೂ ಬರತೀನಿ. ಇಲ್ಲಂದ್ರ ಮಕ್ಕಳನ್ನ ಕರಕೊಂಡೇ ತವರಿಗಿ ಹೋಗತೀನಿ."

ಮೊಮ್ಮಕ್ಕಳನ್ನು ಬಿಟ್ಟು ಅವಳು ಇರಲಾರಳು. ವಾಡಿ ಆಯಿತು, ಸೇಡಂ ಆಯಿತು. "ತವರಿಂದ ತಂದದ್ದಲ್ಲ, ನನ್ ಮಗನ ರಕ್ತಾನೂ ಅಲ್ಲ," ಎಂದು ಅವಳು ಹೇಳುವಾಗ ನಾನು ಪಕ್ಕದಲ್ಲಿ ಕೂತು ಚಹಾ ಕುಡಿದೆ. ದನಿ ತಗ್ಗಿಸಿದರೆ, "ಅವರಿಗಿ ಕೇಳಸಲಿಲ್ರಿ," ಎಂದೆ.

ಚಿಂಚೋಳಿ ಉಳಿಯಿತು. ಬೀಗರ ಮುಂದೆ ತಲೆ ತಗ್ಗಿಸುವುದು ಅವಳಿಗೆ ಸಾವಿಗಿಂತ ಹೆಚ್ಚು. "ಮೊಣಕಾಲ ನೋಯಾಕತ್ತಾವ. ಅದೊಂದು ಮನಿ ಬಿಟ್ಟುಬಿಡವ್ವ," ಎಂದಳು ಮೊನ್ನೆ. ನನ್ನನ್ನು ಅವ್ವ ಎಂದದ್ದು ಅದೇ ಮೊದಲು.

"ಅವಸರಿಲ್ರಿ ಅತ್ತಿ. ಮೊಣಕಾಲ ಆರಾಮ ಆಗಲಿ," ಎಂದೆ. "ಡಾಕ್ಟರ್ ಹೇಳ್ಯಾರಲ್ಲ, ನಾ ಭಾಳ ವರ್ಷ ಇರತೀನಿ."