ಹಾರುವವನ ಅಭಿಮಾನಿ

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಖಾರದ ಕೈ ತಾಗಬಾರದೆಂದು ಕಣ್ಣನ್ನು ಯಾವಾಗಲೂ ತೋಳಿನಿಂದಲೇ ಒರೆಸಿಕೊಳ್ಳುವಳು. ಮಾತೆತ್ತಿದರೆ "ಖರೇ ಹೇಳ್ತೇನಿ" ಎನ್ನುವಳು. ಆಕಾಶದಲ್ಲಿ ಹಾರುವ ಒಬ್ಬ ಸಿನಿಮಾ ಹೀರೋಗೆ ಗಂಡ ಹೆಂಡತಿ ಇಬ್ಬರೂ ಫ್ಯಾನ್ಸ್, ರಿಯಲ್ ಫ್ಯಾನ್ಸ್.

ಎಂಬತ್ತರ ದಶಕದ ಕೊನೆಗೆ ಆ ಹೀರೋ ಹೊಸ ಪಿಕ್ಚರಿನಲ್ಲಿ ಮರಳಿ ರಾಣೇಬೆನ್ನೂರಿನ ಟಾಕೀಸಿಗೆ ಬಂದ. ಅಷ್ಟರಲ್ಲಿ ಲಕ್ವಾ ಹೊಡೆದು ಗಂಡ ಹಾಸಿಗೆ ಹಿಡಿದಿದ್ದ. "ನೋಡಿ ಬಂದು ಹೇಳು" ಎಂದು ಆತನೇ ಆಕೆಯನ್ನು ನನ್ನ ಜೊತೆ ಮ್ಯಾಟಿನಿಗೆ ಕಳಿಸಿದ. ಸ್ಕ್ರೀನ್ ಮೇಲೆ ಹೀರೋ ಮುದುಕನಾಗಿದ್ದ. ಹಾರಲು ಹೋಗಿ ಬಿದ್ದ. ಅಂದು ರಜೆ, ಆಕೆಯ ಕೈಯಲ್ಲಿ ಖಾರವಿರಲಿಲ್ಲ. ಆದರೂ ಕಣ್ಣೀರನ್ನು ತೋಳಿನಿಂದಲೇ ಒರೆಸಿಕೊಂಡಳು, ಪ್ಯೂರ್ ಹ್ಯಾಬಿಟ್.

"ಖರೇ ಹೇಳ್ತೇನಿ ಅಕ್ಕಾರ, ಈ ಪಿಕ್ಚರ್ ತಗೀಬಾರದಿತ್ತು. ಅಂವಾ ಹಾರಾಕತ್ತಾಗ ಬಿಟ್ಟುಬಿಡಬೇಕಿತ್ತು," ಎಂದಳು ಬಸ್ಸಿನಲ್ಲಿ.

ನಾವಿಬ್ಬರೂ ಆಕೆಯ ಮನೆಗೆ ಬಂದೊಡನೆ ಗಂಡ ಕೇಳಿದ: "ಹೆಂಗದಾನ? ಮುದುಕ ಆಗ್ಯಾನೇನು?"

"ಎಲ್ಲೀದ್ರಿ! ಖರೇ ಹೇಳ್ತೇನಿ, ಮೊದಲಿಗಿಂತ ಮ್ಯಾಲ ಹಾರ್ತಾನ."

ಆತನ ಸೊಟ್ಟ ಬಾಯಿ ನಕ್ಕಿತು. "ಹಂಗಾದ್ರ ನಾನೂ ನೋಡಬೇಕಲೇ. ಗಾಡಿ ಹೇಳು, ನಾಳೀಗೆ ಹೋಗೂಣು."

ಆಕೆ ನನ್ನ ಕಡೆ ನೋಡಲಿಲ್ಲ. "ಹೂನ್ರಿ, ಹೋಗೂಣು," ಎನ್ನುತ್ತ ಆತನ ಹೊದಿಕೆಯನ್ನು ಎದೆಯವರೆಗೆ ಎಳೆದಳು.